ಫ್ರಾನ್ಸ್, ರಷ್ಯಾ ಮತ್ತು ನಮ್ಮ ಮನೆಯ ಬಿಸಿ ರೊಟ್ಟಿ

ಶಿಗ್ಗಾಂವದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಬಾಗಿಲು ಇರಲಿಲ್ಲ. ಒಂದು ಎತ್ತರದ ಹೊಸ್ತಿಲು ಇತ್ತು, ಅಷ್ಟೆ. ಹೊಸ್ತಿಲಿನ ಈಚೆ ನಾವು ಉಣ್ಣಲು ಕೂರುತ್ತಿದ್ದೆವು, ಆಚೆ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಕೂರುವ ಜಾಗದಿಂದ ಅವ್ವನ ಬಲಗೈ, ಆ ಕೈಯ ಹಸಿರು ಬಳೆಗಳು, ಒಲೆಯ ಬೆಳಕು ಬಿದ್ದ ಅರ್ಧ ಮುಖ ಇಷ್ಟೇ ಕಾಣುತ್ತಿತ್ತು. ಉಳಿದರ್ಧಕ್ಕೆ ಗೋಡೆ ಅಡ್ಡ. ಬೇರೆ ಹೊತ್ತಿನಲ್ಲಿ ಅವ್ವ ಪೂರ್ತಿಯಾಗಿಯೇ ಸಿಗುತ್ತಿದ್ದಳು. ತಲೆ ಬಾಚುತ್ತಿದ್ದಳು, ಬೈಯುತ್ತಿದ್ದಳು, ಬಾವಿಕಟ್ಟೆಯ ಮೇಲೆ ಕೂರಿಸಿ ಬೆನ್ನು ತಿಕ್ಕುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ಸಿಗುತ್ತಿರಲಿಲ್ಲ. ಇವತ್ತಿಗೂ ಅವ್ವನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಅರ್ಧ ಅವ್ವನೇ. ಆ ವಯಸ್ಸಿನಲ್ಲಿ ನನಗಿದ್ದ ಆಸೆ ಒಂದೇ ಒಂದು. ಅವ್ವ ನನ್ನ ಪಕ್ಕದಲ್ಲಿ ಕೂತು ಉಣ್ಣಬೇಕು. ಹೊಸ ಲಂಗ ಕೊಡಿಸುತ್ತೇನೆಂದರೂ, ಸವಣೂರಿನ ಖಾರಾ ತಿಂಡಿ ತರಿಸುತ್ತೇನೆಂದರೂ ನಾನು ಆ ಆಸೆಯನ್ನು ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಮನೆಯ ಊಟಕ್ಕೆ ಅದರದೇ ಕಾಯಿದೆಗಳಿದ್ದವು. ಮೊದಲನೆಯದು, ಜೋಳದ ರೊಟ್ಟಿ ಹಂಚಿನಿಂದ ಇಳಿದದ್ದು ಸೀದಾ ಗಂಗಾಳಕ್ಕೆ ಬರಬೇಕು. ಉಬ್ಬಿದ ರೊಟ್ಟಿಯ ಹೊಟ್ಟೆ ಒಡೆದಾಗ ಹಬೆ ಏಳಬೇಕು, ಇಲ್ಲದಿದ್ದರೆ ಅದು ರೊಟ್ಟಿಯೇ ಅಲ್ಲ. ಎರಡನೆಯದು, ದೊಡ್ಡವರ ಗಂಗಾಳ ನೆಲದ ಮೇಲೆ ಇರಕೂಡದು, ಅಡ್ಡಣಿಗೆಯೆಂಬ ಮೂರು ಕಾಲಿನ ಪುಟ್ಟ ಪೀಠದ ಮೇಲೆ ಇರಬೇಕು. ಅಪ್ಪನಿಗೊಂದು, ಕಾಕಾನಿಗೊಂದು, ಅಜ್ಜಿಗೊಂದು ಅಡ್ಡಣಿಗೆ. ನನ್ನದು ನೆಲ. ತೀರಿಕೊಂಡ ಅಜ್ಜನ ಹಿತ್ತಾಳೆಯ ಅಡ್ಡಣಿಗೆ ಗೋಡೆಗೆ ಒರಗಿಕೊಂಡು ಸುಮ್ಮನೆ ಇರುತ್ತಿತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೂರನೆಯ ಕಾಯಿದೆಯನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಅದಕ್ಕೇ ಅದು ಎಲ್ಲಕ್ಕಿಂತ ಗಟ್ಟಿಯಾಗಿತ್ತು. ರೊಟ್ಟಿ ಬಡಿಯುವವಳು ಕೊನೆಗೆ ಉಣ್ಣಬೇಕು. ನಾವೆಲ್ಲ ಎದ್ದು ಕೈತೊಳೆದು ಅಜ್ಜಿ ಎಲೆ ಅಡಿಕೆಯ ಡಬ್ಬಿ ತೆಗೆದ ಮೇಲೆ, ಆರಿದ ಒಲೆಯ ಎದುರು ಅವ್ವ ಒಬ್ಬಳೇ ಉಣ್ಣುತ್ತಿದ್ದಳು. ಅಷ್ಟೊತ್ತಿಗೆ ಅಜ್ಜಿ ನನ್ನನ್ನು ಹಾಸಿಗೆ ಹಾಸಲು ಕರೆಯುತ್ತಿದ್ದಳು. ನಾನು ದಿನಾಲೂ ಹೊಸ್ತಿಲ ಹತ್ತಿರ ಹೋಗಿ ಕರೆಯುತ್ತಿದ್ದೆ, ದಿನಾಲೂ ಒಂದೇ ಉತ್ತರ.

"ಅವ್ವಾ, ಬಾರವಾ, ಇಲ್ಲೇ ಕುಂದ್ರು."

"ಬಿಸಿ ಐತಿ, ನೀ ಉಣ್ಣು. ನಾ ಆಮ್ಯಾಲ ಕುಂದ್ರತೇನಿ."

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರು. ಅವರ ತಮ್ಮ, ಅಂದರೆ ನನ್ನ ಕಾಕಾ, ಧಾರವಾಡದಲ್ಲಿ ಕಾಲೇಜು ಓದುತ್ತಿದ್ದವನು, ಅಜ್ಜ ತೀರಿಕೊಂಡ ಮೇಲೆ ಕಾಳುಕಡಿಯ ದಲಾಲಿ ಅಂಗಡಿ ನೋಡಿಕೊಳ್ಳಲು ಊರಿಗೆ ಬಂದುಬಿಟ್ಟಿದ್ದ. ಬರುವಾಗ ಒಂದು ಟ್ರಂಕಿನ ತುಂಬ ಪುಸ್ತಕ ತಂದ, ಅದರ ಜೊತೆಗೆ ರಷ್ಯಾವನ್ನೂ ತಂದ. ಅಪ್ಪನ ಹತ್ತಿರ ಮೊದಲೇ ಫ್ರಾನ್ಸ್ ಇತ್ತು. ಹಗಲೆಲ್ಲ ಒಬ್ಬರು ಶಾಲೆಯಲ್ಲಿ, ಒಬ್ಬರು ಅಂಗಡಿಯಲ್ಲಿ. ಮುಖಾಮುಖಿ ಆಗುವುದು ರಾತ್ರಿಯ ಊಟಕ್ಕೆ ಮಾತ್ರ. ಎರಡನೆಯ ರೊಟ್ಟಿ ಬರುವ ಹೊತ್ತಿಗೆ ಫ್ರಾನ್ಸೂ ರಷ್ಯಾವೂ ನಮ್ಮ ಪಡಸಾಲೆಗೆ ಬಂದು ಕೂತುಬಿಡುತ್ತಿದ್ದವು. ಯಾವ ಕ್ರಾಂತಿ ದೊಡ್ಡದು, ಯಾಕೆ ಆಯಿತು, ಏನು ಕೊಟ್ಟಿತು ಎಂಬ ಈ ಜಗಳವನ್ನು ಬೇರೆ ಮನೆಗಳಲ್ಲಿ ಹೊಲದ ಬದುವಿನ ಬಗ್ಗೆ ಆಡುವಷ್ಟೇ ಬಿಸಿಯಾಗಿ ಆಡುತ್ತಿದ್ದರು. ಇಬ್ಬರ ಕೈಯೂ ಗಂಗಾಳದಲ್ಲೇ ಒಣಗುತ್ತಿತ್ತು.

"ಫ್ರಾನ್ಸಿನ ಮಂದಿ ಬರೇ ಹಸಿವಿಗೆ ಎದ್ದವರಲ್ಲ, ತಮ್ಮಾ. ಹಸಿವಿ ಅದಕ್ಕೂ ಮೊದಲ ಇತ್ತು. ಹುಟ್ಟಿನಿಂದ ಒಬ್ಬಂವ ಮ್ಯಾಲ, ಒಬ್ಬಂವ ಕೆಳಗ ಅನ್ನೂದು ಸುಳ್ಳು ಅಂತ ತಿಳೀತು ನೋಡು, ಆವಾಗ ಎದ್ರು."

"ತಿಳದು ಏಳಾಕ ಪುರಸೊತ್ತು ಬೇಕಲ್ಲಣ್ಣಾ? ರಷ್ಯಾದಾಗ ಯುದ್ಧಕ್ಕ ಹೋದ ಸಿಪಾಯಿಗೆ ಕಾಲಾಗ ಬೂಟಿಲ್ಲ, ರೈತಗ ಹೊಲ ಇಲ್ಲ, ಮನ್ಯಾಗ ರೊಟ್ಟಿ ಇಲ್ಲ. ಅವರು ಪುಸ್ತಕ ಓದಿ ಎದ್ದವರಲ್ಲ."

"ರೊಟ್ಟಿ ಕೊಟ್ಟು ಬಾಯಿ ಮುಚ್ಚಿಸಿದ್ರಲ್ಲೋ ನಿನ್ನವರು! ಅದು ಜೈಲಿನ ರೊಟ್ಟಿ."

"ನಿನ್ನವರು ಬಾಯಿ ಕೊಟ್ರು, ಬಾಯಾಗ ಹಾಕಾಕ ಏನ್ ಕೊಟ್ರು? ಹಸದು ಮಲಗೂ ಸ್ವಾತಂತ್ರ್ಯ ಏನು?"

ಇದನ್ನೇ ಮುಂದೆ ನಾನೂ ಶಾಲೆಯಲ್ಲಿ ಕಲಿಸುವಾಗ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ನಡುವೆ ಒಂದು ಗೆರೆ ಎಳೆದು ಬರೆಸಿದ್ದೇನೆ. ಎಡಕ್ಕೆ ಫ್ರಾನ್ಸ್: ಖಾಲಿಯಾದ ಬೊಕ್ಕಸ, ದುಡಿಯುವವರ ತಲೆಯ ಮೇಲೆ ತೆರಿಗೆ, ತೆರಿಗೆಯೇ ಕೊಡದ ಶ್ರೀಮಂತರು ಮತ್ತು ಪಾದ್ರಿಗಳು, ಕೈಗೆಟುಕದ ಬ್ರೆಡ್ಡು, ಹೊಸ ವಿಚಾರಗಳು. ಅದರ ಆದರ್ಶ: ಸ್ವಾತಂತ್ರ್ಯ, ಸಮಾನತೆ, ಸಹೋದರತೆ. ಬಲಕ್ಕೆ ರಷ್ಯಾ: ಸೋಲುತ್ತಿದ್ದ ಯುದ್ಧ, ಯಾರೊಂದಿಗೂ ಅಧಿಕಾರ ಹಂಚಿಕೊಳ್ಳದ ಒಬ್ಬನ ಆಳ್ವಿಕೆ, ಕಾರ್ಖಾನೆಯವರ ಕಷ್ಟ, ಹೊಲವಿಲ್ಲದ ಒಕ್ಕಲು. ಅದರ ಆದರ್ಶ: ಶಾಂತಿ, ಭೂಮಿ, ಆಹಾರ, ಯಾರನ್ನೂ ಯಾರೂ ಸುಲಿಯದ ಸಮಾಜ. ಅಪ್ಪ ಮತ್ತು ಕಾಕಾ ಇಬ್ಬರೂ ಅಪ್ರಾಮಾಣಿಕರಲ್ಲ, ತಮ್ಮ ತಮ್ಮ ದೇಶದ ಹುಳುಕು ಬಲ್ಲವರು. ಫ್ರಾನ್ಸಿನಲ್ಲಿ ಸಮಾನತೆ ಎಂದು ಸಾರಿದವರೇ ಆಸ್ತಿ ಇಲ್ಲದವನಿಗೆ ಮತದ ಹಕ್ಕು ಕೊಡಲಿಲ್ಲ, ಕೊನೆಗೆ ಒಬ್ಬ ಚಕ್ರವರ್ತಿಯನ್ನೇ ತಂದು ಕೂರಿಸಿಕೊಂಡರು ಎಂದು ಕಾಕಾ ಚುಚ್ಚಿದರೆ ಅಪ್ಪ ಹೂಂ ಎನ್ನುತ್ತಿದ್ದರು. ರಷ್ಯಾದಲ್ಲಿ ರೈತನಿಗೆ ಕೊಟ್ಟ ಹೊಲವನ್ನು ಮುಂದೆ ಸರಕಾರವೇ ಕಸಿದುಕೊಂಡಿತು ಎಂದು ಅಪ್ಪ ತಿರುಗಿ ಚುಚ್ಚಿದರೆ ಕಾಕಾ ತಲೆ ತಗ್ಗಿಸಿ ಮಜ್ಜಿಗೆ ಕುಡಿಯುತ್ತಿದ್ದ. ಮರುದಿನ ಮತ್ತೆ ಮೊದಲಿನಿಂದ ಶುರು.

ಈ ಜಗಳದಲ್ಲಿ ನನಗೊಂದು ಸ್ವಾರ್ಥವಿತ್ತು. ಇಬ್ಬರೂ ಅಷ್ಟು ಗಂಟಲು ಹರಿದುಕೊಂಡು ಸಮಾನತೆ ಎನ್ನುವಾಗ, ಎರಡರಲ್ಲಿ ಯಾವುದಾದರೊಂದು ಕ್ರಾಂತಿ ಅವ್ವನನ್ನು ಹೊಸ್ತಿಲು ದಾಟಿಸಿ ನನ್ನ ಪಕ್ಕಕ್ಕೆ ತರಬಹುದು ಎಂದು ಕಾಯುತ್ತಿದ್ದೆ. ಯಾವುದು ತಂದರೂ ನಾನು ಅದರ ಕಡೆ. ಒಂದು ದಿನ ಅಪ್ಪ, ಎರಡೂ ದೇಶದಲ್ಲಿ ಮೊದಲು ಬೀದಿಗೆ ಬಂದವರಲ್ಲಿ ಹೆಂಗಸರಿದ್ದರು ಎಂದು ಹೇಳಿದರು. ಪ್ಯಾರಿಸಿನ ಸಂತೆಯ ಹೆಂಗಸರು ಬ್ರೆಡ್ಡು ಬೇಕೆಂದು ಮಳೆಯಲ್ಲಿ ನೆನೆಯುತ್ತ ಅರಮನೆಯ ತನಕ ನಡೆದುಹೋಗಿ ರಾಜನನ್ನೇ ಕರೆತಂದರು. ರಷ್ಯಾದ ರಾಜಧಾನಿ ಪೆಟ್ರೊಗ್ರಾಡಿನಲ್ಲೂ ಬ್ರೆಡ್ಡಿಗಾಗಿ ಚಳಿಯಲ್ಲಿ ಸಾಲು ನಿಂತು ಬೇಸತ್ತವರು, ಬಟ್ಟೆ ಗಿರಣಿಯ ಹೆಂಗಸರು ಬೀದಿಗಿಳಿದ ಮೇಲೆಯೇ ಉಳಿದದ್ದೆಲ್ಲ ನಡೆಯಿತು. ಒಂದಾದರೂ ವಿಷಯದಲ್ಲಿ ಅಣ್ಣತಮ್ಮ ಒಪ್ಪಿದ ಆ ಗಳಿಗೆಯಲ್ಲಿ ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬಡದು ಬಡದು ಸಾಕಾಗಿರಬೇಕು ಬಿಡ್ರಿ ಅವರಿಗೆ," ಎಂದಳು ಅವ್ವ.

ಅವಳು ಆ ಜಗಳದಲ್ಲಿ ಬಾಯಿ ಹಾಕಿದ್ದು ಅದೇ ಮೊದಲು. ಅವಳೇನೂ ಸಿಟ್ಟಿನಿಂದ ಹೇಳಿರಲಿಲ್ಲ, ತಮಾಷೆಗೇ ಅಂದಿದ್ದಳು. ಆದರೆ ಪಡಸಾಲೆಯಲ್ಲಿ ಇಬ್ಬರೂ ಹೊಸ್ತಿಲಿನ ಕಡೆ ತಿರುಗಿದರು. ನನಗೆ ಇದೇ ಸಮಯವೆನ್ನಿಸಿತು.

"ಅಪ್ಪಾ, ಗೆದ್ದ ಮ್ಯಾಲ ಆ ಅವ್ವಂದಿರು ಮಕ್ಕಳ ಕೂಡ ಕುಂತು ಉಂಡ್ರೇನ್ರಿ?"

ಅಪ್ಪ ಇತಿಹಾಸದ ಯಾವ ಪ್ರಶ್ನೆಗೂ ತಡವರಿಸಿದವರಲ್ಲ. ಅವತ್ತು ಕಾಕಾನ ಮುಖ ನೋಡಿದರು. ಕಾಕಾ ತನ್ನ ಗಂಗಾಳ ನೋಡಿಕೊಂಡ.

"ಅದನ್ನ ಯಾರೂ ಬರದಿಲ್ಲವಾ ಸುಶೀ," ಎಂದರು ಅಪ್ಪ.

ಮರುದಿನದಿಂದ ಜಗಳದ ಧಾಟಿಯೇ ಬದಲಾಯಿತು. ಪ್ಯಾರಿಸು, ಪೆಟ್ರೊಗ್ರಾಡ್ ಹಿಂದೆ ಬಿದ್ದು ನಮ್ಮ ಅಡುಗೆಮನೆಯೇ ಮುಂದೆ ಬಂತು. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ, ಹೇಗೆ ಎನ್ನುವುದರಲ್ಲಿತ್ತು. ಅಪ್ಪನ ಪ್ರಕಾರ ಎಲ್ಲರನ್ನೂ ಮೇಲಕ್ಕೆ ತರಬೇಕು: ಅವ್ವನಿಗೂ ನನಗೂ ಅಡ್ಡಣಿಗೆ ಹಾಕಬೇಕು. ಕಾಕಾನ ಪ್ರಕಾರ ಅಡ್ಡಣಿಗೆ ಎನ್ನುವುದೇ ಇರಬಾರದು: ಎಲ್ಲವನ್ನೂ ಅಟ್ಟಕ್ಕೆ ಹಾಕಿ ಎಲ್ಲರೂ ನೆಲದ ಮೇಲೆ ಉಣ್ಣಬೇಕು. ಅಡ್ಡಣಿಗೆ ಉಳಿಸಿದರೆ ನಾಳೆ ಎತ್ತರದ್ದು ಯಾವುದು, ಹಿತ್ತಾಳೆಯದು ಯಾವುದು ಎಂಬ ತಕರಾರು ಏಳುತ್ತದೆ ಎಂದು ಅವನ ವಾದ. ಕಸಿದುಕೊಂಡು ತಂದ ಸಮಾನತೆ ಉಳಿಯುವುದಿಲ್ಲ ಎಂದು ಅಪ್ಪನ ವಾದ. ಅಜ್ಜಿ ಸವಣೂರಿನ ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವ್ವನನ್ನು ಯಾರೂ ಕೇಳಲಿಲ್ಲ. ಕೊನೆಗೆ ಹಿರಿಯನ ಮಾತೇ ನಡೆಯಿತು, ಮುಂದಿನ ಐತವಾರ ಮಧ್ಯಾಹ್ನ ಎಂದು ಗೊತ್ತಾಯಿತು. ಅಡ್ಡಣಿಗೆ ಕಡಿಮೆ ಬಿದ್ದದ್ದಕ್ಕೆ ಅಪ್ಪ ನನ್ನನ್ನು ಕರೆದುಕೊಂಡು ಎದುರು ಮನೆಗೆ ಕೇಳಲು ಹೋದರು.

"ಬೀಗರು ಬರಾಕತ್ತಾರೇನ್ರಿ ಮಾಸ್ತರ?" ಎಂದಳು ಎದುರು ಮನೆಯಾಕೆ.

"ಇಲ್ರಿ. ನಮ್ಮ ಮನ್ಯಾಗಿನವರೇ ಊಟಕ್ಕ ಬರಾಕತ್ತಾರ."

ಆ ಐತವಾರವನ್ನು ನಾನು ಇನ್ನೊಮ್ಮೆ ಬದುಕಲು ಕೊಡುವುದಾದರೆ ಏನು ಬೇಕಾದರೂ ಕೊಟ್ಟೇನು. ಎಲ್ಲರೂ ಒಮ್ಮೆಗೇ ಕೂರಬೇಕಲ್ಲ, ಅದಕ್ಕೆ ಅವ್ವ ಬೆಳಿಗ್ಗೆ ಬೇಗ ಎದ್ದು ಅಷ್ಟೂ ರೊಟ್ಟಿ ಬಡಿದು ಬುಟ್ಟಿಯಲ್ಲಿ ಪೇರಿಸಿ ಅರಿವೆ ಮುಚ್ಚಿಟ್ಟಿದ್ದಳು. ಬದನೆಕಾಯಿ ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ಬಟ್ಟಲು ಹಾಲು. ಊಟದ ಹೊತ್ತಿಗೆ ನಮ್ಮ ಒಲೆ ಆರಿದ್ದನ್ನು ನಾನು ಅವತ್ತೇ ಕಂಡದ್ದು. ಅಪ್ಪ ಅಜ್ಜನ ಹಿತ್ತಾಳೆಯ ಅಡ್ಡಣಿಗೆಯನ್ನು ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕಿ, ನನ್ನ ಪಕ್ಕದಲ್ಲಿ ಇಟ್ಟು, ಅವ್ವನನ್ನು ಕರೆದರು. ಅವ್ವ ಹೊಸ್ತಿಲಿನ ಮೇಲೆ ಬಂದು ನಿಂತಳು. ಅದು ಮಾವನವರದು, ತಾನು ಒಲ್ಲೆ ಎಂದಳು. ಅಪ್ಪ ಹಟ ಹಿಡಿದರು. ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ಸೆರಗು ಮುಂದಕ್ಕೆ ಎಳೆದುಕೊಂಡು ಬಂದು ಕೂತಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಅವ್ವ ಹೇಗೆ ಉಣ್ಣುತ್ತಾಳೆ ಎಂಬುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ರೊಟ್ಟಿಯನ್ನು ನಮ್ಮಂತೆ ಹರಿಯದೆ ಬಹಳ ಸಣ್ಣಸಣ್ಣ ಚೂರು ಮಾಡುತ್ತಿದ್ದಳು, ಪಲ್ಯವನ್ನು ಬರೀ ತುದಿಗೆ ಮುಟ್ಟಿಸಿಕೊಳ್ಳುತ್ತಿದ್ದಳು, ಬಾಯಿ ತೆರೆದದ್ದು ಗೊತ್ತಾಗದಂತೆ ಇಟ್ಟುಕೊಳ್ಳುತ್ತಿದ್ದಳು. ನಾನು ಉಣ್ಣುವುದನ್ನು ಬಿಟ್ಟು ಅದನ್ನೇ ನೋಡಿದೆ. ಅವಳ ಮೈಯಿಂದ ಹೊಗೆಯ, ಹಿಟ್ಟಿನ ವಾಸನೆ ಬರುತ್ತಿತ್ತು. ನನ್ನ ಕ್ರಾಂತಿ ಆಗಿಹೋಗಿತ್ತು.

ಉಳಿದವರದು ಆಗಿರಲಿಲ್ಲ. ಅಪ್ಪ ಒಂದು ತುತ್ತು ಹೆಚ್ಚು ಹೊತ್ತು ಅಗಿದರು. ಕಾಕಾನೂ ಅಗಿದ. ತಣ್ಣಗಾದ ರೊಟ್ಟಿ ಚರ್ಮದಂತೆ ಆಗಿತ್ತು. ಎರಡು ದೇಶದ ಕ್ರಾಂತಿಗಳನ್ನು ಅರೆದು ಕುಡಿದ ಇಬ್ಬರು ಗಂಡಸರು, ಬಿಸಿ ರೊಟ್ಟಿ ಗಂಗಾಳಕ್ಕೆ ಬೀಳಬೇಕಾದರೆ ಆ ಹೊತ್ತಿನಲ್ಲಿ ಒಬ್ಬರು ಒಲೆಯ ಮುಂದೆ ಇರಲೇಬೇಕು ಎನ್ನುವುದನ್ನು ಮರೆತೇಬಿಟ್ಟಿದ್ದರು! ಅವರ ಯೋಜನೆಯಲ್ಲಿ ಎಲ್ಲರಿಗೂ ಜಾಗವಿತ್ತು, ಒಲೆಗೆ ಇರಲಿಲ್ಲ. ಆದರೂ ಇಬ್ಬರೂ ಮರ್ಯಾದೆಗೆ ಅಂಜಿ ಅಗಿಯುತ್ತ ಹೋದರು. ಅಜ್ಜಿಗೆ ಅದು ಸಾಧ್ಯವಿರಲಿಲ್ಲ. ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ. ಬಾಯಿಗೆ ಹಾಕಿಕೊಂಡ ಚೂರನ್ನು ಮೆಲ್ಲಗೆ ತೆಗೆದು ಗಂಗಾಳದ ಅಂಚಿಗೆ ಇಟ್ಟಳು. ಅಷ್ಟು ಸಾಕಾಯಿತು, ಅವ್ವ ಎದ್ದು ನಿಂತಳು.

"ಅತ್ತೀ, ಒಂದ್ ಗಳಿಗಿ ತಡೀರಿ, ಬಿಸೀದು ಮಾಡಿ ಕೊಡ್ತೇನಿ."

"ಕುಂದ್ರು, ಏಳಬ್ಯಾಡ," ಎಂದರು ಅಪ್ಪ.

ಆಗ ಅಜ್ಜಿ ಬಾಯಿ ತೆರೆದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು, ಅವ್ವನನ್ನು ಎಬ್ಬಿಸಿದವಳು ಅವಳೇ. ಆದರೆ ಅವಳ ದನಿ ಕೇಳಿದ ಮೇಲೆ ಸಿಟ್ಟು ಬರಲಿಲ್ಲ.

"ತವರುಮನಿ ಹತ್ತಿಮತ್ತೂರು ಬಿಟ್ಟು ಈ ಮನಿಗೆ ಬಂದಮ್ಯಾಲ ನಾನೂ ಕಡೀಗೆ ಉಂಡಾಕೀನ. ನಮ್ಮತ್ತಿ ಉಣ್ಣೂ ತನಕ, ನಿಮ್ಮಪ್ಪ ಉಣ್ಣೂ ತನಕ, ನೀವು ಉಣ್ಣೂ ತನಕ ತಡದು ತಣ್ಣಂದ ಉಂಡೇನಿ. ಸೊಸಿ ಬಂದಮ್ಯಾಲ ನನಗ ಬಿಸಿ ರೊಟ್ಟಿ ಸಿಕ್ಕೈತಿ. ನನ್ನ ಪಾಳೆ ಈಗ ಬಂದೈತಿ. ಇಷ್ಟ ದಿನ ಎಲ್ಲಿ ಹೋಗಿತ್ತೋ ನಿಮ್ಮ ಫ್ರಾನ್ಸು?"

ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.  ಕಾಕಾ ಮಾತ್ರ ತಟಕ್ಕನೆ ಎದ್ದ. ಹೊಸ್ತಿಲು ದಾಟಿ ಹೋಗಿ, ಅಂಗಿಯ ತೋಳು ಮಡಚಿ, ಒಲೆಯ ಮುಂದೆ ಕೂತುಬಿಟ್ಟ.

"ವೈನಿ, ನೀವು ಕುಂದರ್ರಿ. ನಾ ಬಡೀತೇನಿ."

"ಅಯ್ಯ, ನಿಮಗೆಲ್ಲಿ ಬರ್ತೈತಿ ಬಿಡ್ರಿ!"

"ರಷ್ಯಾದಾಗ ರೈತರಿಗೆ ರಾಜ್ಯ ಆಳೂದು ಬರ್ತಿತ್ತೇನ್ರಿ?"

"ಅದಕ್ಕ ಹಂಗಾತು," ಎಂದರು ಅಪ್ಪ, ಅಷ್ಟು ಹೊತ್ತಿನ ಮೇಲೆ ನಗುತ್ತ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದದಿದ್ದರೆ ರೊಟ್ಟಿ ಏಳುವುದಿಲ್ಲ, ಅದು ನಮ್ಮ ಕಡೆಯ ಯಾವ ಹುಡುಗಿಗಾದರೂ ಗೊತ್ತು. ಅವ್ವ ಮತ್ತೆ ಕೂತು ಅಲ್ಲಿಂದಲೇ ಕೂಗಿ ಹೇಳುವಷ್ಟರಲ್ಲಿ ಕಾಕಾ ಕೊಡದ ತಣ್ಣೀರು ಸುರಿದು ಕಲಸಿಯಾಗಿತ್ತು. ಬಡಿದರೆ ಅಂಚು ಸೀಳುತ್ತಿತ್ತು, ಎತ್ತಿದರೆ ನಡುವೆ ಹರಿಯುತ್ತಿತ್ತು. ಆರಿದ ಒಲೆ ಹೊತ್ತಿಸಿ ಹೊಗೆಗೆ ಕೆಮ್ಮುತ್ತ, ಬೆರಳು ಸುಟ್ಟುಕೊಂಡು ಊದಿಕೊಳ್ಳುತ್ತ, ಒಂದನ್ನು ಅಂತೂ ಹಂಚಿಗೆ ಹಾಕಿ ತೆಗೆದ. ಅಂಗೈ ದಪ್ಪ, ಒಂದು ಕಡೆ ಕರಿ, ಒಂದು ಕಡೆ ಹಸಿ, ಉದ್ದಕ್ಕೆ ಹರಡಿಕೊಂಡಿತ್ತು.

"ಭಲೆ ತಮ್ಮಾ, ಸೈಬೀರಿಯಾ ಇದ್ದಂಗೈತಿ," ಎಂದರು ಅಪ್ಪ.

ಕಾಕಾ ನಗಲಿಲ್ಲ. ಆ ಒಂದು ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಬದಲಿಸುತ್ತ ಪಡಸಾಲೆಯ ನಡುವೆ ನಿಂತ. ಒಂದು ಕಡೆ ಅಜ್ಜಿ, ಒಂದು ಕಡೆ ಅವ್ವ. ಯಾರ ಗಂಗಾಳಕ್ಕೆ ಹಾಕಬೇಕು? ಮುದುಕಿಯ ಪಾಳೆಯನ್ನು ಕಸಿದುಕೊಳ್ಳಬೇಕೋ, ಅವ್ವನ ಪಾಳೆಯನ್ನು ಇನ್ನೂ ಮುಂದಕ್ಕೆ ಹಾಕಬೇಕೋ? ಅವನು ಅಣ್ಣನ ಕಡೆ ನೋಡಿದ. ಅಪ್ಪ ನೆಲ ನೋಡಿದರು. ನಾನು ಅವ್ವನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ, ಅಜ್ಜಿಗೆ ಹೋದರೆ ಅವ್ವ ಮತ್ತೆ ಎದ್ದು ಹೋಗುತ್ತಾಳೆ ಎನ್ನುವುದಷ್ಟೇ ನನಗೆ ತಿಳಿದದ್ದು. ಕೊನೆಗೆ ಅಜ್ಜಿಯೇ ಕೈಯಾಡಿಸಿದಳು.

"ಆಕೀಗೆ ಹಾಕೋ. ನಿನ್ನ ಸೈಬೀರಿಯಾ ತಿನ್ನಾಕ ನನಗ ಹಲ್ಲೆಲ್ಲಿ ಅದಾವ?"

ಅವ್ವನ ಗಂಗಾಳಕ್ಕೆ ಬೇರೆಯವರ ಕೈಯ ಬಿಸಿ ರೊಟ್ಟಿ ಬಿತ್ತು. ಅವಳು ಅದನ್ನು ಮುರಿದಾಗ ಹಬೆ ಎದ್ದಿತು. ಅರ್ಧವನ್ನು ಬಟ್ಟಲಿನ ಹಾಲಿನಲ್ಲಿ ನೆನೆಸಿ ಅಜ್ಜಿಯ ಮುಂದೆ ಸರಿಸಿದಳು, ಉಳಿದರ್ಧದಲ್ಲಿ ಸುಡದ ಕಡೆಯ ಚೂರುಗಳನ್ನು ನನಗೆ ಕೊಡುತ್ತ ತಾನೂ ತಿಂದಳು. ಹಸಿಹಿಟ್ಟಿನ ರುಚಿ, ಕರಕಲಿನ ರುಚಿ, ಚಟ್ನಿಯ ಖಾರ ಎಲ್ಲ ಇತ್ತು. ಹೆಂಗೈತ್ರಿ ವೈನಿ ಎಂದು ಕಾಕಾ ಕೇಳಿದ. ಅವ್ವ ಬಾಯಿ ತುಂಬಿಕೊಂಡು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯೆಂದಳು, ಒಲೆ ಆಚೆ ಇತ್ತು. ಅದು ಮುಗಿಯುವಷ್ಟರಲ್ಲಿ ಕಾಕಾನ ಎರಡನೆಯ ರೊಟ್ಟಿ ಹಂಚಿನ ಮೇಲೆ ನಾಕು ತುಂಡಾಗಿತ್ತು. ಅವ್ವ ನಗುತ್ತ ಎದ್ದು, ಮೈದುನನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಎಸರಿಗೆ ನೀರಿಟ್ಟಳು. ಅಜ್ಜಿಗೆ ಮೆತ್ತನೆಯ ರೊಟ್ಟಿ ಬಂತು, ಆಮೇಲೆ ಅಪ್ಪನಿಗೂ ಒಂದು, ಕಾಕಾನಿಗೂ ಒಂದು. ನಾನು ಮತ್ತೆ ನನ್ನ ಜಾಗದಿಂದ ಬಲಗೈ ನೋಡುತ್ತ ಕೂತೆ.

ಆಮೇಲೆ ಎದುರು ಮನೆಯ ಅಡ್ಡಣಿಗೆ ಎದುರು ಮನೆಗೆ ಹೋಯಿತು. ಸೋತೆವೆಂದು ಯಾರೂ ಹೇಳಲಿಲ್ಲ. ಕೆಲವು ದಿನ ಕಾಕಾ ಐತವಾರಕ್ಕೊಮ್ಮೆ ಒಲೆಯ ಮುಂದೆ ಕೂತು ಪ್ರಯತ್ನ ಮಾಡಿದ, ರೊಟ್ಟಿ ದುಂಡಗೂ ಆಗತೊಡಗಿತ್ತು. ಅಷ್ಟರಲ್ಲಿ ಅವನ ಲಗ್ನವಾಯಿತು. ಚಿಗವ್ವ ಬಂದು ಒಲೆಯ ಮುಂದೆ ಅವ್ವನ ಪಕ್ಕ ಕೂತಳು, ಕಾಕಾ ತೋಳು ಇಳಿಸಿಕೊಂಡು ಅಡ್ಡಣಿಗೆಗೆ ವಾಪಸಾದ. ನಿನ್ನ ರಷ್ಯಾ ಎಲ್ಲಿಗೆ ಬಂತೋ ಎಂದು ಅಪ್ಪ ಕೆಣಕಿದರೆ, ಲಗ್ನ ಆತಲ್ಲಣ್ಣಾ ಎಂದು ನಕ್ಕುಬಿಟ್ಟ. ಮುಂದೆ ಅವನು ಹಿರೇಕೆರೂರಿನಲ್ಲಿ ಸ್ವಂತ ಅಂಗಡಿ ಹಾಕಿ ಅಲ್ಲಿಗೇ ಹೋದ. ಎದುರಿಗೆ ರಷ್ಯಾ ಇಲ್ಲದೆ ಅಪ್ಪ ಫ್ರಾನ್ಸಿನ ಮಾತು ತೆಗೆಯುವುದನ್ನೇ ಬಿಟ್ಟರು. ನಮ್ಮ ಪಡಸಾಲೆ ಅಷ್ಟು ಸಪ್ಪಗಾದದ್ದನ್ನು ನಾನು ಕಂಡಿರಲಿಲ್ಲ. ಈಗ ಇಬ್ಬರೂ ಇಲ್ಲ. ಆ ಮನೆ ಬೇರೆಯವರದು, ಅಡುಗೆಮನೆಯ ಹೊಸ್ತಿಲು ಕಿತ್ತು ಟೈಲ್ಸ್ ಹಾಕಿದ್ದಾರಂತೆ. ಹೆದ್ದಾರಿಯ ಬಸ್ಸಿನಲ್ಲಿ ಶಿಗ್ಗಾಂವ ದಾಟುವಾಗಲೆಲ್ಲ ನಾನು ಆ ಕಡೆಯ ಕಿಟಕಿಗೆ ಕೂರುತ್ತೇನೆ, ಮನೆ ಅಲ್ಲಿಂದ ಕಾಣುವುದಿಲ್ಲ ಎಂದು ಗೊತ್ತಿದ್ದರೂ. ಅಣ್ಣತಮ್ಮ ಕೂಗಾಡುವ ಆ ದನಿ ಒಮ್ಮೆ, ಒಂದೇ ಊಟದ ಹೊತ್ತು, ಇನ್ನೊಮ್ಮೆ ಕಿವಿಗೆ ಬೀಳಬೇಕು ಎಂದು ಜೀವ ಹಂಬಲಿಸುತ್ತದೆ.

ನಾನೂ ಇತಿಹಾಸದ ಶಿಕ್ಷಕಿಯಾದೆ, ಹಾನಗಲ್ಲಿನ ಶಾಲೆಯಲ್ಲಿ. ಫ್ರಾನ್ಸ್ ಮತ್ತು ರಷ್ಯಾದ ಕ್ರಾಂತಿಗಳ ಕಾರಣಗಳನ್ನೂ ಆದರ್ಶಗಳನ್ನೂ ಹೋಲಿಸಿ ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ಹಾಕಿದಾಗಲೆಲ್ಲ ಹುಡುಗರು ನಡುವೆ ಗೆರೆ ಎಳೆದು ಎರಡೂ ಬದಿ ತುಂಬಿಸುತ್ತಿದ್ದರು. ಸರಿಯಾಗಿಯೇ ಬರೆಯುತ್ತಿದ್ದರು, ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಆ ಪ್ರಶ್ನೆ ಬರೀ ಪುಸ್ತಕದ್ದಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹಸಿವು ಒಂದು ಬದಿಗೆ, ಮಾನ ಒಂದು ಬದಿಗೆ ಎಂದು ಗೆರೆ ಎಳೆದವರು ಬೀದಿಗಿಳಿದವರಲ್ಲ, ನಾವು. ಪ್ಯಾರಿಸಿನ ಆ ಹೆಂಗಸರಿಗೂ ರಷ್ಯಾದ ಆ ಹೆಂಗಸರಿಗೂ ಎರಡೂ ಬೇಕಾಗಿತ್ತು, ಒಂದೇ ಗಂಗಾಳದಲ್ಲಿ ಬೇಕಾಗಿತ್ತು ಎಂದೇ ನನ್ನ ನಂಬಿಕೆ. ನಮ್ಮ ಪಡಸಾಲೆಯಲ್ಲಿ ಒಂದು ಅರ್ಧ ರೊಟ್ಟಿಯ ಹೊತ್ತು ಎರಡೂ ಕೂಡಿ ಬಂದಿದ್ದವು.

ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರ ಹಾನಗಲ್ಲಿಗೆ ಬಂದಳು. ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮಧ್ಯಾಹ್ನದ ಹೊತ್ತು ಮನೆಯಲ್ಲಿ ನಾವಿಬ್ಬರೇ. ಅಷ್ಟರಲ್ಲಾಗಲೇ ಹಾನಗಲ್ಲಿನಲ್ಲಿ ಓಣಿಗೊಬ್ಬರು ರೊಟ್ಟಿ ಮಾಡಿ ಮಾರುತ್ತಿದ್ದರು. ಚೀಲದಲ್ಲಿ ತಂದರೆ ಎಲ್ಲರೂ ಒಟ್ಟಿಗೆ ಕೂತು ತಣ್ಣಗಿನದನ್ನು ಉಣ್ಣಬಹುದಿತ್ತು. ಅಪ್ಪನ ಐತವಾರ ಕೊನೆಗೆ ಹೀಗೆ ಪೇಟೆಯಿಂದ ಮನೆಗೆ ಬಂತಲ್ಲ ಎಂದು ಅನ್ನಿಸುತ್ತದೆ. ಆದರೆ ಅವ್ವನಿಗೆ ಅದನ್ನು ತಿನ್ನಿಸಬಾರದು ಎಂದು ನನ್ನ ಹಟವಾಗಿತ್ತು. ಬೇರೆಯವರ ಕೈಯ ಬಿಸಿ ರೊಟ್ಟಿ ಅವಳ ಗಂಗಾಳಕ್ಕೆ ದಿನಾಲೂ ಬೀಳಬೇಕು. ಅವಳನ್ನು ಟೇಬಲ್ಲಿಗೆ ಕೂರಿಸಿ, ಗ್ಯಾಸಿನ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದೆ. ಹೊಸ್ತಿಲಿಲ್ಲ, ಗೋಡೆಯಿಲ್ಲ, ತಿರುಗಿದರೆ ಪೂರ್ತಿ ಅವ್ವ ನನಗೆ ಕಾಣುತ್ತಿದ್ದಳು. ಅವಳಿಗೆ ನನ್ನ ಬೆನ್ನು ಕಾಣುತ್ತಿತ್ತು.

"ಸುಶೀ, ನೀನೂ ಬಾರವಾ, ಇಲ್ಲೇ ಕುಂದ್ರು."

"ಬಿಸಿ ಐತಿ, ನೀ ಉಣ್ಣವ್ವಾ. ನಾ ಆಮ್ಯಾಲ ಕುಂದ್ರತೇನಿ."

ಎಷ್ಟು ದಿನ ಹಾಗೆ ಹೇಳಿದೆನೋ. ಒಂದು ಮಧ್ಯಾಹ್ನ ಎಲ್ಲ ರೊಟ್ಟಿ ಮುಗಿಸಿ ಕೈತೊಳೆದು ತಿರುಗಿದರೆ, ಅವ್ವ ಉಂಡೇ ಇರಲಿಲ್ಲ. ಮೊದಲು ಹಾಕಿದ ರೊಟ್ಟಿಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನಗೆ ಸಿಟ್ಟೇ ಬಂತು.

"ಪೂರಾ ತಣ್ಣಗಾತಲ್ಲವ್ವಾ! ಯಾಕ ಉಣಲಿಲ್ಲ?"

"ಆಗಲಿ ಬಿಡು. ಅವತ್ತ ನಿಮ್ಮ ಕಾಕಾನ ರೊಟ್ಟಿ ಹಸೀದ ಇತ್ತು, ಕರಕಾಗಿತ್ತು. ನೀ ಬಾಜೂಕ ಕುಂತಿದ್ದಿ ಅಂತ ಉಂಡೇನಿ. ಬಿಸೀದು ಒಬ್ಬಾಕೀನ ಉಂಡು ಏನ್ ಮಾಡ್ಲಿ?"

ಅವತ್ತಿನಿಂದ ಅವಳು ಇರುವವರೆಗೂ ನಾವು ತಣ್ಣಗಿನ ರೊಟ್ಟಿಯನ್ನೇ ಉಂಡೆವು, ಅಕ್ಕಪಕ್ಕ ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಸಣ್ಣಸಣ್ಣ ಚೂರು ಮಾಡುವ ಅವಳ ಅಭ್ಯಾಸ ಹಾಗೇ ಇತ್ತು. ಈಗ ಅವಳಿಲ್ಲ. ಮಧ್ಯಾಹ್ನ ಒಬ್ಬಳೇ ಇದ್ದಾಗ ನನ್ನ ಮಟ್ಟಿಗೆ ಒಂದೆರಡು ರೊಟ್ಟಿ ಬಡಿದುಕೊಳ್ಳುತ್ತೇನೆ, ಚೆನ್ನಾಗಿ ಉಬ್ಬುತ್ತವೆ. ತಟ್ಟೆಗೆ ಹಾಕಿಕೊಂಡು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ಸುಮ್ಮನೆ ಕೂರುತ್ತೇನೆ.